ಮೂರು ಕಾಡು, ಎರಡು ನಾಯಿ, ಆರಡಿ ಹಗ್ಗ

ಅಮೆರಿಕದ ಒಹಾಯೊ ರಾಜ್ಯದ ಆಗ್ನೇಯಕ್ಕೆ ಹಾಕಿಂಗ್ ಹಿಲ್ಸ್ ಅಂತ ಗುಡ್ಡಗಾಡಿದೆ. ಅಲ್ಲಿ ಮೂರು ಥರದ ಸರ್ಕಾರಿ ಕಾಡುಗಳು ಒಂದಕ್ಕೊಂದು ಅಂಟಿಕೊಂಡಿವೆ. ಸ್ಟೇಟ್ ಪಾರ್ಕ್, ಸ್ಟೇಟ್ ಫಾರೆಸ್ಟ್, ಮತ್ತೆ ಗಿಡಮರಗಳನ್ನು ಕಾಪಾಡಲೆಂದೇ ಮೀಸಲಿಟ್ಟ ಸ್ಟೇಟ್ ನೇಚರ್ ಪ್ರಿಸರ್ವ್. ಮರಗಳೇನೋ ಅವೇ, ಬಂಡೆಗಳೂ ಅವೇ. ಸುಮ್ನೆ ಕೈಬೀಸಿಕೊಂಡು ನಡೆಯುವವರಿಗೆ ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಜೊತೆಗೆ ನಾಯಿ ಇದ್ದರೆ ಮಾತ್ರ ಆ ಗಡಿಗಳು ಎದ್ದು ಕಾಣುತ್ತವೆ. ಪಾರ್ಕಿನಲ್ಲಿ ಹಗ್ಗ ಹಾಕಿಕೊಂಡು ಹೋದರೆ ಸಾಕು. ಫಾರೆಸ್ಟಿನಲ್ಲಿ ಹಗ್ಗದ ಜೊತೆಗೆ ಬೇಟೆಗಾರರ ಮೇಲೂ ಒಂದು ಕಣ್ಣಿರಬೇಕು. ಪ್ರಿಸರ್ವ್‌ನಲ್ಲಿ ನಾಯಿಗೆ ಪ್ರವೇಶವೇ ಇಲ್ಲ.

ಈ ಕೊನೆಯ ನಿಯಮದ ಮೇಲೆ ನನ್ನ ತಮ್ಮನಿಗೆ ಭಾರೀ ಸಿಟ್ಟು. "ನಾಯಿ ಸಾಕಿದವರು ತೆರಿಗೆ ಕಟ್ಟಲ್ವಾ ಅಕ್ಕ?" ಅನ್ನುವುದು ಅವನ ವಾದ. ನಾನು ಪ್ರಿಸರ್ವ್‌ನವರ ಪಕ್ಷ. ಅಕ್ಟೋಬರ್ ಕೊನೆಯಲ್ಲಿ ಇಬ್ಬರಿಗೂ ರಜೆ ಕೂಡಿಬಂತು. ನಾಯಿಗಳನ್ನು ಕಾರಿಗೆ ಹತ್ತಿಸಿಕೊಂಡು, ಜಗಳವನ್ನೂ ಜೊತೆಗೆ ಕಟ್ಟಿಕೊಂಡು ಹೊರಟೆವು.

ನಾಯಿಗಳ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ನನ್ನದು ಪುಟ್ಟಿ. ಬೀಗಲ್ ಹೆಣ್ಣು, ಮೂಗೇ ಅವಳ ಯಜಮಾನ. ತಮ್ಮನದು ಭೀಮ. ಲ್ಯಾಬ್ರಡಾರ್ ಜೊತೆ ಇನ್ನೇನೇನೋ ಬೆರೆತ ಕರಿಯ, ಮೂವತ್ತೈದು ಕಿಲೋ ತೂಕ, ಎದೆಯಲ್ಲಿ ಗುಬ್ಬಿಯಷ್ಟು ಧೈರ್ಯ.

ಶುಕ್ರವಾರ

ಕೊಲಂಬಸ್‌ನಿಂದ ಹೆದ್ದಾರಿ 33 ಹಿಡಿದರೆ ಲ್ಯಾಂಕಾಸ್ಟರ್ ಊರಿನ ತನಕ ನೆಲ ಚಪ್ಪಟೆ. ಮುಸುಕಿನ ಜೋಳ, ಸೋಯಾ, ಮತ್ತೆ ಮುಸುಕಿನ ಜೋಳ. ಆಮೇಲೆ ಇದ್ದಕ್ಕಿದ್ದಂತೆ ಗುಡ್ಡಗಳು ಏಳುತ್ತವೆ. ಹಿಮಯುಗದಲ್ಲಿ ಉತ್ತರದಿಂದ ಇಳಿದುಬಂದ ಹಿಮನದಿಗಳು ಒಹಾಯೊದ ಬಹುಭಾಗವನ್ನು ಉಜ್ಜಿ ನುಣ್ಣಗೆ ಮಾಡಿ, ಈ ಗುಡ್ಡಗಳ ಹತ್ತಿರ ಬಂದು ನಿಂತುಬಿಟ್ಟವು. ಒಳಗೆ ಬರಲಿಲ್ಲ. ಹಾಗಾಗಿ ಕಣಿವೆಗಳು ಉಳಿದವು. ಆಗಿನ ಚಳಿಗೆ ಉತ್ತರದಿಂದ ಇಳಿದುಬಂದ ಹೆಮ್ಲಾಕ್, ಹಳದಿ ಬರ್ಚ್, ಕೆನಡಾ ಯೂ ಅನ್ನುವ ಮರಗಿಡಗಳು ಈ ತಣ್ಣನೆಯ ಕೊರಕಲುಗಳಲ್ಲಿ ಇವತ್ತಿಗೂ ಬೆಳೆಯುತ್ತಿವೆ.

ಮೊದಲು ಹೋದದ್ದು ಓಲ್ಡ್ ಮ್ಯಾನ್ಸ್ ಕೇವ್‌ಗೆ. ವಾರಾಂತ್ಯದಲ್ಲಿ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶುಕ್ರವಾರ ಬೆಳಿಗ್ಗೆಯಾದ್ದರಿಂದ ಪಾರ್ಕಿಂಗ್ ಅರ್ಧ ಖಾಲಿ. ಒಹಾಯೊದ ಸ್ಟೇಟ್ ಪಾರ್ಕುಗಳಿಗೆ ಪ್ರವೇಶ ಶುಲ್ಕವೂ ಇಲ್ಲ, ಪಾರ್ಕಿಂಗ್ ಶುಲ್ಕವೂ ಇಲ್ಲ. ನಾಯಿಯ ಹಗ್ಗ ಆರಡಿಗಿಂತ ಉದ್ದ ಇರಬಾರದು, ಅಷ್ಟೆ. ಗುಂಡಿ ಒತ್ತಿದರೆ ಉದ್ದವಾಗುವ ಸುರುಳಿ ಲೀಶ್ ನನಗೆ ಕಾಡಿನಲ್ಲಿ ಕಂಡರೇ ಆಗುವುದಿಲ್ಲ. ಗಿಡಕ್ಕೆ ಸುತ್ತಿಕೊಳ್ಳುತ್ತದೆ, ಕೈ ಕೊಯ್ಯುತ್ತದೆ, ಬಂಡೆಯಂಚಿನಲ್ಲಿ ನಾಯಿಯನ್ನು ಹಿಂದಕ್ಕೆಳೆಯಲು ಅದರಲ್ಲಿ ಹಿಡಿತವೇ ಸಿಗುವುದಿಲ್ಲ. ಕುತ್ತಿಗೆ ಪಟ್ಟಿಗೆ ಬದಲು ಎದೆಗೆ ಹಾಕುವ ಹಾರ್ನೆಸ್, ಅದಕ್ಕೊಂದು ಸಾದಾ ಆರಡಿ ಹಗ್ಗ. ಬೆನ್ನ ಮೇಲೆ ಹಿಡಿ ಇರುವ ಹಾರ್ನೆಸ್ ಆದರೆ ಇನ್ನೂ ಒಳ್ಳೆಯದು. ಎತ್ತರದ ಮೆಟ್ಟಿಲಲ್ಲಿ ನಾಯಿಯನ್ನು ಸೂಟ್‌ಕೇಸ್ ಥರ ಎತ್ತಬಹುದು.

ಒಳಗಿನ ದಾರಿ ಒಮ್ಮುಖ. ಎದುರಿನಿಂದ ಯಾರೂ ಬರುವುದಿಲ್ಲ. ನಾಯಿ ಹಿಡಿದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಎರಡು ಬಂಡೆಗಳ ನಡುವೆ ಇನ್ನೊಂದು ನಾಯಿ ಮುಖಾಮುಖಿಯಾದರೆ ಸರಿಯಲು ಜಾಗವೇ ಇರುವುದಿಲ್ಲ ನೋಡಿ. ಮೇಲಿನ ಜಲಪಾತ ದಾಟಿ, ಡೆವಿಲ್ಸ್ ಬಾತ್‌ಟಬ್ ಅನ್ನುವ ಗುಂಡಿ ದಾಟಿ, ಬಂಡೆ ಕೊರೆದ ಸುರಂಗಗಳ ಒಳಗೆ ನುಗ್ಗಿ ಇಳಿದೆವು. ಬಂಡೆಯ ಹೆಸರು ಬ್ಲ್ಯಾಕ್ ಹ್ಯಾಂಡ್ ಮರಳುಗಲ್ಲು. ಸುಮಾರು 35 ಕೋಟಿ ವರ್ಷಗಳ ಹಿಂದೆ ಇಲ್ಲೊಂದು ಬೆಚ್ಚನೆಯ ಸಮುದ್ರ ಇತ್ತು. ನದಿಗಳು ಅದರೊಳಗೆ ತಂದು ಸುರಿದ ಮರಳೇ ಕಲ್ಲಾಗಿದೆ. ಮೇಲಿನ ಪದರ ಗಟ್ಟಿ, ನಡುವಿನದು ಮೆತ್ತಗೆ. ನಡುವಿನದು ಉದುರಿ ಹೋದಲ್ಲೆಲ್ಲ ದೊಡ್ಡ ಚಾಚು ಉಳಿದಿದೆ. ಇಲ್ಲಿ ಗುಹೆ ಅನ್ನುವುದೆಲ್ಲ ಹೆಚ್ಚುಕಡಿಮೆ ಇಂಥ ಚಾಚುಗಳೇ. ಓಲ್ಡ್ ಮ್ಯಾನ್ಸ್ ಕೇವ್ ಕೂಡ ಅಷ್ಟೆ. 200 ಅಡಿ ಉದ್ದ, 50 ಅಡಿ ಎತ್ತರ, ಕೆಳಗೆ ಒಣ ಮರಳು.

ಗುಹೆಗೆ ಹೆಸರು ಕೊಟ್ಟ ಆ ಮುದುಕ ರಿಚರ್ಡ್ ರೋ. 1790ರ ದಶಕದ ಕೊನೆಯಲ್ಲಿ ಬೇಟೆ ಹುಡುಕುತ್ತ ನಾಯಿಯ ಜೊತೆ ಈ ಕಡೆ ಬಂದವನು ಇಲ್ಲೇ ಉಳಿದುಬಿಟ್ಟ ಅನ್ನುತ್ತಾರೆ. ಒಂದು ಚಳಿಗಾಲದ ಬೆಳಿಗ್ಗೆ ನೀರಿಗೆಂದು ಬಂದೂಕಿನ ಹಿಡಿಯಿಂದ ಹಿಮ ಒಡೆಯುವಾಗ ಗುಂಡು ಹಾರಿ ಸತ್ತನಂತೆ. ಆಮೇಲೆ ಸಿಕ್ಕಿದ ಬೇಟೆಗಾರರು ಓಕ್ ಮರದ ತೊಗಟೆಯಲ್ಲಿ ಸುತ್ತಿ ಇದೇ ಮರಳಿನಲ್ಲಿ ಹೂತರಂತೆ. ಅವನ ನಾಯಿಯ ಗತಿ ಏನಾಯಿತು ಅಂತ ಯಾರೂ ಹೇಳುವುದಿಲ್ಲ. ಕತೆ ಹೇಳುವವರಿಗೆ ನಾಯಿ ಯಾವಾಗಲೂ ಬರೀ ಜೊತೆಗಾರ, ಅಲ್ವಾ? ರಾತ್ರಿ ಹೊತ್ತು ಬೊಗಳು ಕೇಳಿಸುತ್ತದೆ ಅಂತ ಒಂದು ದೆವ್ವದ ಕತೆ ಮಾತ್ರ ಉಂಟು.

ಪುಟ್ಟಿ ಅಲ್ಲಿ ಮರಳು ಕೆರೆಯಲು ಶುರು ಮಾಡಿದಳು. "ಎಳೆದುಕೋ ಅಕ್ಕ, ಮುದುಕನ್ನ ಎಬ್ಬಿಸ್ತಾಳೆ," ಎಂದ ತಮ್ಮ. ನಿಜಕ್ಕೂ ಆ ಮರಳು ಕೆರೆಯಲು ಬಿಡಬಾರದು. ಬಂಡೆಯ ಬುಡದ ಒಣ ನೆಲದಲ್ಲಿ ಬೆಳೆಯುವ ಗಿಡಗಳಿಗೆ ಇರುವುದೇ ಅಷ್ಟು ಜಾಗ.

ಮಧ್ಯಾಹ್ನ ವಿಸ್ಪರಿಂಗ್ ಕೇವ್ ಕಡೆ ಹೋದೆವು. 2017ರಲ್ಲಿ ಜನರಿಗೆ ತೆರೆದ ದಾರಿ ಅದು. ನಡುವೆ ಒಂದು ತೂಗುಸೇತುವೆ. ಪುಟ್ಟಿ ಮೂಗು ನೆಲಕ್ಕಿಟ್ಟುಕೊಂಡೇ ದಾಟಿಬಿಟ್ಟಳು. ಸೇತುವೆ ಅಲ್ಲಾಡುತ್ತಿದೆ ಅಂತ ಅವಳಿಗೆ ಗೊತ್ತೂ ಆಗಲಿಲ್ಲ. ಭೀಮ ಎರಡು ಹಲಗೆ ನಡೆದ, ಕುಳಿತ, ಮಲಗಿದ. ಅಷ್ಟು ಭಾರದ ನಾಯಿ ಮಲಗಿಬಿಟ್ಟರೆ ಮುಗಿಯಿತು. ಹಿಂದೆ ಜನ ಸಾಲುಗಟ್ಟಿದರು. ತಮ್ಮ ಎಳೆಯಲಿಲ್ಲ, ಬಯ್ಯಲಿಲ್ಲ. ಅದನ್ನು ಮೆಚ್ಚಬೇಕು. ಎಳೆದರೆ ನಾಯಿ ಸೇತುವೆಯನ್ನು ಜನ್ಮಪೂರ್ತಿ ಶತ್ರು ಮಾಡಿಕೊಳ್ಳುತ್ತದೆ. ಅವನನ್ನು ವಾಪಸ್ಸು ಕರೆದುಕೊಂಡು ಹೋಗಿ, ಜನರನ್ನೆಲ್ಲ ಮುಂದೆ ಹೋಗಲು ಬಿಟ್ಟು, ಆಮೇಲೆ ಪುಟ್ಟಿಯನ್ನು ಮತ್ತೆ ಈಚೆ ಕರೆಸಿ ಅವಳ ಬಾಲದ ಹಿಂದೆ ನಡೆಸಿದ. ಭೀಮ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು, ತೆವಳುತ್ತ ತೆವಳುತ್ತ ದಾಟಿದ. ಆಚೆ ದಡದಲ್ಲಿ ಅವನು ತೋರಿಸಿದ ಗತ್ತು ನೋಡಬೇಕಿತ್ತು.

ಗುಹೆಯ ಅಂಚಿನಿಂದ ನೂರಡಿ ಕೆಳಕ್ಕೆ ಬೀಳುವ ಜಲಪಾತ ಇದೆ ಅಂತ ಕೇಳಿದ್ದೆವು. ಮಳೆ ಬಂದಾಗ ಮಾತ್ರ ಅದಕ್ಕೆ ಜೀವ. ನಾವು ಹೋದಾಗ ಬರೀ ಹನಿ.

ಶನಿವಾರ

ಸೀಡರ್ ಫಾಲ್ಸ್‌ನಿಂದ ಆಶ್ ಕೇವ್‌ಗೆ ಕಾಡಿನೊಳಗೆ ಸುಮಾರು ಮೂರು ಮೈಲಿ. ಹೋಗಿ ಬಂದರೆ ಆರು. ನಾಯಿಗಳಿಗೂ ನಮಗೂ ಸರಿಯಾದ ದಿನದ ಕೆಲಸ.

ಸೀಡರ್ ಫಾಲ್ಸ್‌ಗೆ ಇಳಿಯುವಲ್ಲಿ ವಿಚಿತ್ರ ಮೆಟ್ಟಿಲುಗಳಿವೆ. ಅಕಿಯೊ ಹಿಜುಮೆ ಅನ್ನುವ ಜಪಾನಿ ಕಲಾವಿದ, ಗಣಿತದ ಹುಚ್ಚಿನವರು, ವಿನ್ಯಾಸ ಮಾಡಿದ್ದು. ಡೆಮಾಕ್ರಸಿ ಸ್ಟೆಪ್ಸ್ ಅಂತ ಹೆಸರು. ಮೆಟ್ಟಿಲುಗಳ ಅಗಲ ಒಂದೇ ಸಮ ಇಲ್ಲ. ಒಂದು ಚಿಕ್ಕದು, ಒಂದು ದೊಡ್ಡದು, ಲೆಕ್ಕ ಹಾಕಿ ಜೋಡಿಸಿದ್ದಾರೆ. ಸಾಮಾನ್ಯ ಮೆಟ್ಟಿಲಲ್ಲಿ ಒಂದೇ ಕಾಲು ಮತ್ತೆ ಮತ್ತೆ ಮುಂದಾಗುವ ಹಾಗೆ ಇಲ್ಲಿ ಆಗುವುದಿಲ್ಲ. ಎಡಗಾಲು, ಬಲಗಾಲು ಎರಡಕ್ಕೂ ಸಮಪಾಲು. ನನಗೆ ಬಹಳ ಹಿತ ಅನಿಸಿತು. ಆದರೆ ಈ ಪ್ರಜಾಪ್ರಭುತ್ವದಲ್ಲಿ ನಾಲ್ಕು ಕಾಲಿನವರಿಗೆ ಮತದಾನ ಇಲ್ಲ. ಭೀಮನ ಮುಂಗಾಲು ಒಂದು ತಾಳ, ಹಿಂಗಾಲು ಇನ್ನೊಂದು ತಾಳ. ಕೊನೆಗೆ ಪಕ್ಕದ ಮಣ್ಣಿನಲ್ಲಿ ನಡೆಯುತ್ತೇನೆ ಅಂತ ಹಟ ಹಿಡಿದ. ಬಿಡಲಿಲ್ಲ. ದಾರಿಯಂಚಿನ ಮಣ್ಣು ಕುಸಿಯುವುದು ಹಾಗೇ.

ಜಲಪಾತದ ಬುಡದ ಕೊಳ ನೋಡಿದ ಕೂಡಲೇ ಭೀಮನೊಳಗಿನ ಲ್ಯಾಬ್ರಡಾರ್ ಎಚ್ಚರವಾಯಿತು. ಇಲ್ಲಿ ನೀರಿಗೆ ಇಳಿಯುವ ಹಾಗಿಲ್ಲ, ಮನುಷ್ಯರೂ ಸಹ. ನಾಯಿಗೆ ತೊರೆಯ ನೀರು ಕುಡಿಸದಿದ್ದರೆ ಇನ್ನೂ ಒಳ್ಳೆಯದು. ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಅನ್ನುವ ಸೂಕ್ಷ್ಮಜೀವಿ ಇರಬಹುದು, ಇಲಿ, ರಕೂನ್, ಜಿಂಕೆಗಳ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ, ಬರಬಹುದು. ಅದಕ್ಕೆ ಲಸಿಕೆ ಇದೆ, ಇಬ್ಬರಿಗೂ ಹಾಕಿಸಿದ್ದೇವೆ. ಆದರೂ ಮಡಚುವ ಬಟ್ಟಲು, ಮನೆಯ ನೀರು. ಭೀಮನಿಗೆ ಒಂದೂವರೆ ಲೀಟರ್ ಹೊರಬೇಕು. ಅದನ್ನು ಹೊರುವುದು ತಮ್ಮ, ಭೀಮ ಅಲ್ಲ.

ಅಲ್ಲಿಂದ ಮುಂದೆ ಮರಗಳ ಮೇಲೆ ನೀಲಿ ಬಣ್ಣದ ಪಟ್ಟಿಗಳು. ಬಕೈ ಟ್ರೇಲ್‌ನ ಗುರುತು ಅದು. ಇಡೀ ಒಹಾಯೊವನ್ನು ಸುತ್ತುವ, 1,400 ಮೈಲಿಗೂ ಜಾಸ್ತಿ ಉದ್ದದ ಕಾಲುದಾರಿ. ಈ ತುಂಡಿಗೆ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿಯ ಹೆಸರು. ಇದೇ ಸೀಮೆಯ ರೈತ ಹೆಂಗಸು, ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಎರಡು ಸಾವಿರ ಮೈಲಿಗೂ ಮೀರಿದ ಅಪಲೇಚಿಯನ್ ಟ್ರೇಲ್ ಅನ್ನು ಒಂದೇ ಋತುವಿನಲ್ಲಿ ಒಬ್ಬಳೇ ನಡೆದ ಮೊದಲ ಹೆಂಗಸು ಅವರು. ಕಾಲಲ್ಲಿ ಕ್ಯಾನ್ವಾಸ್ ಶೂ. ಹೆಗಲ ಮೇಲೆ ತಾವೇ ಹೊಲಿದ ಬಟ್ಟೆಯ ಚೀಲ. ಆಮೇಲೆ ಬಕೈ ಟ್ರೇಲ್ ಕಟ್ಟಿದವರಲ್ಲೂ ಒಬ್ಬರಾದರು. ಅವರಿಗೆ ಇಷ್ಟವಾದ ದಾರಿ ಇದು. ಪ್ರತಿ ಜನವರಿಯ ಚಳಿಗಾಲದ ನಡಿಗೆಯಲ್ಲಿ ಈಗಲೂ ಇದೇ ದಾರಿಯಲ್ಲಿ ಸಾವಿರಾರು ಜನ ನಡೆಯುತ್ತಾರೆ. ನಮ್ಮ ಬೆನ್ನ ಚೀಲಗಳನ್ನು ನೋಡಿಕೊಂಡೆ. ನಾಯಿಗಳ ಸಾಮಾನೇ ಅಜ್ಜಿಯ ಇಡೀ ಗಂಟಿಗಿಂತ ಜಾಸ್ತಿ ಇತ್ತು.

ಬೀಗಲ್ ಜೊತೆ ನಡೆಯುವುದು ಬೇರೆಯದೇ ಥರದ ನಡಿಗೆ. ವೇಗ ಮರೆತುಬಿಡಿ. ತಲೆಯ ಮೇಲೆ ಟ್ಯುಲಿಪ್ ಮರಗಳು ಹಳದಿ, ಮೇಪಲ್ ಕೆಂಪು, ಬೀಚ್ ತಾಮ್ರದ ಬಣ್ಣ. ನಾವು ಕತ್ತೆತ್ತಿ ನೋಡುತ್ತಿದ್ದರೆ ಪುಟ್ಟಿಗೆ ಎಲ್ಲವೂ ನೆಲದಲ್ಲಿ. ಬಿದ್ದ ಮರದ ದಿಮ್ಮಿಯ ಹತ್ತಿರ ನಿಂತಳು. ಎರಡು ನಿಮಿಷ ಕದಲಲಿಲ್ಲ. ನಾನೂ ಬಗ್ಗಿ ನೋಡಿದೆ. ದಿಮ್ಮಿಯ ಕೆಳಗೆ ಅಳಿಲಿನಂಥ ಚಿಪ್‌ಮಂಕ್‌ನ ಬಿಲ, ಬಾಯಲ್ಲಿ ಓಕ್ ಕಾಯಿಯ ಸಿಪ್ಪೆ. ಇನ್ನೊಂದು ಕಡೆ ಸಣ್ಣ ಮರದ ತೊಗಟೆ ಸುಲಿದುಹೋಗಿತ್ತು. ಗಂಡು ಜಿಂಕೆ ಕೊಂಬು ಉಜ್ಜಿದ ಗುರುತು. ಅಕ್ಟೋಬರ್ ಅವುಗಳ ಬೆದೆಗಾಲದ ಆರಂಭ. ಪುಟ್ಟಿ ನಿಲ್ಲದಿದ್ದರೆ ನಾನಂತೂ ನೋಡುತ್ತಿರಲಿಲ್ಲ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಸುಮಾರು 60 ಲಕ್ಷ ಇದ್ದರೆ ನಾಯಿಗೆ 30 ಕೋಟಿಯವರೆಗೆ ಇರುತ್ತವೆ ಅಂತ ಲೆಕ್ಕ ಹೇಳುತ್ತಾರೆ. ಅಷ್ಟು ಮೂಗಿರುವವರನ್ನು ದರದರ ಎಳೆದುಕೊಂಡು ಹೋಗುವುದು ಅನ್ಯಾಯ.

ತಿನ್ನಬಾರದ್ದೂ ನೆಲದಲ್ಲೇ ಬಿದ್ದಿರುತ್ತದೆ. ಈ ಕಾಲಕ್ಕೆ ಬಕೈ ಕಾಯಿ ಉದುರುತ್ತದೆ. ಕಂದು ಬಣ್ಣ, ಮೇಲೊಂದು ಬಿಳಿ ಚುಕ್ಕೆ, ನೋಡಲು ಬಲು ಚಂದ. ನಾಯಿಗೆ ಮಾತ್ರ ವಿಷ. ಕರಿ ವಾಲ್‌ನಟ್‌ನ ಬೂಸ್ಟು ಹಿಡಿದ ಸಿಪ್ಪೆಯೂ ಹಾಗೇ. ಭೀಮ ಬಾಯಿಗೆ ಹಾಕಿಕೊಳ್ಳದ ವಸ್ತು ಈ ಭೂಮಿಯಲ್ಲಿಲ್ಲ. "ಬಿಡು" ಅಂದರೆ ಬಿಡುವುದನ್ನು ಅವನಿಗೆ ಕಲಿಸಿದ್ದೇ ಅವನ ಪೂರ್ತಿ ವಿದ್ಯಾಭ್ಯಾಸ. ಕನ್ನಡದಲ್ಲೇ ಹೇಳಬೇಕು, ಇಂಗ್ಲಿಷ್‌ನಲ್ಲಿ ಹೇಳಿದರೆ ಕೇಳಿಸದವನ ಹಾಗೆ ನೋಡುತ್ತಾನೆ.

ಆಶ್ ಕೇವ್ ಹತ್ತಿರವಾದಂತೆ ಜನರ ಗದ್ದಲ. ಆ ಕಡೆಯಿಂದ ಗಾಲಿಕುರ್ಚಿಯೂ ಹೋಗುವಂಥ ಸಿಮೆಂಟ್ ದಾರಿ ಇದೆ. ಹಾಗಾಗಿ ಮಕ್ಕಳು, ಅಜ್ಜ ಅಜ್ಜಿಯರು, ಎಲ್ಲರೂ ಬರುತ್ತಾರೆ. ನಾಯಿಗಳಂತೂ ಲೆಕ್ಕವಿಲ್ಲ. ಒಬ್ಬ ಮಹಾಶಯ ದೂರದಿಂದಲೇ, "ನಮ್ಮವನು ಬಹಳ ಸ್ನೇಹಜೀವಿ!" ಅಂತ ಕೂಗುತ್ತ ಬಂದ. ಅವನ ನಾಯಿ ಹಗ್ಗವಿಲ್ಲದೆ ನಮ್ಮ ಮೇಲೆ ನುಗ್ಗಿತು. ಈ ವಾಕ್ಯ ಕೇಳಿದರೆ ನನಗೆ ಮೈ ಉರಿಯುತ್ತದೆ. ನಿನ್ನ ನಾಯಿ ಸ್ನೇಹಜೀವಿ ಇರಬಹುದಪ್ಪ, ನನ್ನದಕ್ಕೆ ಬೇಡವಾಗಿದ್ದರೆ? ತಮ್ಮ ಭೀಮನನ್ನು ಕಾಲುಗಳ ನಡುವೆ ಕೂರಿಸಿಕೊಂಡು, ದಾರಿಯಿಂದ ಪಕ್ಕಕ್ಕೆ ತಿರುಗಿ ನಿಂತ. ನಾನು ಪುಟ್ಟಿಯನ್ನು ಎತ್ತಿಕೊಂಡೆ. ಮಹಾಶಯ ನಗುತ್ತ ಹೋದ.

ಗುಹೆ ಮಾತ್ರ ಗದ್ದಲವನ್ನೆಲ್ಲ ಮರೆಸುತ್ತದೆ. ಕುದುರೆ ಲಾಳದ ಆಕಾರ, ಒಂದು ತುದಿಯಿಂದ ಇನ್ನೊಂದಕ್ಕೆ 700 ಅಡಿ, ಒಳಕ್ಕೆ 100 ಅಡಿ, ಅಂಚು 90 ಅಡಿ ಮೇಲೆ. ಒಹಾಯೊದ ಇಂಥ ಗುಹೆಗಳಲ್ಲಿ ಇದೇ ದೊಡ್ಡದು. ಬಿಳಿಯರು ಮೊದಲು ಬಂದಾಗ ಇಲ್ಲಿ ರಾಶಿ ರಾಶಿ ಬೂದಿ ಇತ್ತಂತೆ. ಮೂಲನಿವಾಸಿಗಳು ತಲೆಮಾರುಗಳ ಕಾಲ ಒಲೆ ಹಚ್ಚಿದ್ದರ ಗುರುತು ಅದು.

ವಾಪಸ್ಸು ಬರುವಾಗ ಪುಟ್ಟಿ ತನ್ನ ದಿನಚರಿ ಮುಗಿಸಿದಳು. ಕಸದ ಡಬ್ಬಿಯಿಂದ ಅತಿ ದೂರದ ಜಾಗ ಆರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಚೀಲದಲ್ಲಿ ತುಂಬಿ, ಗಂಟು ಹಾಕಿ, ಬ್ಯಾಗಿನ ಹೊರಜೇಬಿಗೆ ನೇತುಹಾಕಿ ಎರಡು ಮೈಲಿ ಹೊತ್ತೆ. ಚೀಲದಲ್ಲಿ ಕಟ್ಟಿ ಅಲ್ಲೇ ಮರದ ಬುಡದಲ್ಲಿಟ್ಟು ಹೋದವರೂ ಇದ್ದರು. ಬರುವಾಗ ತೆಗೆದುಕೊಂಡು ಹೋಗುತ್ತೇವೆ ಅಂತಿರಬಹುದು. ಬಣ್ಣ ಮಾಸಿದ ಚೀಲಗಳನ್ನು ನೋಡಿದರೆ ಇನ್ನೂ ಬಂದ ಹಾಗಿರಲಿಲ್ಲ.

ಭಾನುವಾರ

ಜಗಳದ ದಿನ. ಕಾಂಕಲ್ಸ್ ಹಾಲೋ, ಸ್ಟೇಟ್ ನೇಚರ್ ಪ್ರಿಸರ್ವ್.

ಹಿಂದಿನ ರಾತ್ರಿಯೇ ಒಪ್ಪಂದ ಆಗಿತ್ತು. ಒಬ್ಬರು ಒಳಗೆ ಹೋಗುವುದು, ಇನ್ನೊಬ್ಬರು ನಾಯಿಗಳನ್ನು ಕರೆದುಕೊಂಡು ಅದೇ ಬಿಗ್ ಪೈನ್ ರಸ್ತೆಯಲ್ಲಿರುವ ಹಾಕಿಂಗ್ ಸ್ಟೇಟ್ ಫಾರೆಸ್ಟ್ ಕಡೆ ಅಡ್ಡಾಡುವುದು. ಆಮೇಲೆ ಅದಲು ಬದಲು. ನಾಯಿಯನ್ನು ಕಾರಿನಲ್ಲಿ ಕೂಡಿಹಾಕಿ ಹೋಗುವುದು ನಮ್ಮಿಬ್ಬರಿಗೂ ಸೇರದು. ಈ ವಿಷಯದಲ್ಲಿ ಮಾತ್ರ ನಾವು ಒಂದೇ ಪಕ್ಷ.

"ನೀನೇ ಮೊದಲು ಹೋಗಿ ಬಾ ಅಕ್ಕ. ನಿನ್ನ ಪ್ರಿಸರ್ವ್ ಅಲ್ವಾ," ಎಂದ, ಸ್ವಲ್ಪ ಖಾರವಾಗಿಯೇ.

ಒಳಗೆ ಹೋದೆ. ಎರಡೂ ಕಡೆ ಬಂಡೆಗೋಡೆ, ಹತ್ತಿರಹತ್ತಿರ 200 ಅಡಿ. ಕೆಲವು ಕಡೆ ಕಣಿವೆಯ ಅಗಲ ನೂರೇ ಅಡಿ. ನಡು ಮಧ್ಯಾಹ್ನವೂ ಕೆಳಗೆ ಬಿಸಿಲು ಬೀಳುವುದು ಕಷ್ಟ. ಜರೀಗಿಡ, ಪಾಚಿ, ನೆಟ್ಟಗೆ ನಿಂತ ಹೆಮ್ಲಾಕ್‌ಗಳು. ನಿನ್ನೆ ಮೊನ್ನೆ ನೋಡಿದ್ದೂ ಇದೇ ಮರ, ಇದೇ ಕಲ್ಲು. ಆದರೆ ಇಲ್ಲಿ ಏನೋ ಬೇರೆ. ಹತ್ತು ನಿಮಿಷ ಬೇಕಾಯಿತು ತಿಳಿಯಲು. ದಾರಿಯ ಪಕ್ಕದಲ್ಲೇ ಗಿಡಗಳಿದ್ದವು. ಪಾರ್ಕಿನಲ್ಲಿ ದಾರಿಯ ಎರಡೂ ಅಂಚು ಬರೀ ತುಳಿದ ಮಣ್ಣು. ಇಲ್ಲಿ ಹಸಿರು ದಾರಿಯ ತನಕ ಬಂದಿತ್ತು. ಒಂದು ಪುಟ್ಟ ಹಕ್ಕಿ, ವಿಂಟರ್ ರೆನ್ ಇರಬೇಕು, ನನ್ನಿಂದ ನಾಲ್ಕಡಿ ದೂರದ ಬೇರಿನ ಮೇಲೆ ಕುಣಿಯಿತು. ಹಾರಿ ಹೋಗಲಿಲ್ಲ.

ಈ ಕಣಿವೆಗೆ ಹೆಸರು ಬಂದದ್ದು ಡಬ್ಲ್ಯೂ. ಜೆ. ಕಾಂಕಲ್ ಎಂಬವನಿಂದ. 1797ರಲ್ಲಿ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿ ಹೋದನಂತೆ. ಇವತ್ತು ಯಾರಾದರೂ ಕೆತ್ತಿದರೆ ದಂಡ ಬೀಳುತ್ತದೆ. ಅವನ ಹೆಸರನ್ನು ಕಣಿವೆಗೇ ಇಟ್ಟರು.

ಮೇಲಂಚಿನ ದಾರಿಯೂ ಇದೆ, ಎರಡೂವರೆ ಮೈಲಿ ಸುತ್ತು. ಬೇಲಿ ಕೈಪಿಡಿ ಏನೂ ಇಲ್ಲದ ಬಂಡೆಯಂಚು ಅನೇಕ ಕಡೆ. ಎಲೆ ಬಿದ್ದು ಜಾರುತ್ತಿತ್ತು. ಅಳಿಲು ಕಂಡರೆ ನುಗ್ಗುವ ಪುಟ್ಟಿಯನ್ನು ಇಲ್ಲಿಗೆ ಕರೆತರುವ ಹಾಗಿದ್ದರೂ ನಾನು ತರುತ್ತಿರಲಿಲ್ಲ. ಹಾಕಿಂಗ್ ಹಿಲ್ಸ್‌ನಲ್ಲಿ ಬಂಡೆಯಿಂದ ಬಿದ್ದು ಮನುಷ್ಯರೇ ಸತ್ತಿದ್ದಾರೆ.

ವಾಪಸ್ಸು ಬಂದಾಗ ತಮ್ಮ ನಾಯಿಗಳಿಗೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಸಿ ರಸ್ತೆಬದಿಯಲ್ಲಿ ನಿಂತಿದ್ದ. ಸ್ಟೇಟ್ ಫಾರೆಸ್ಟಿನಲ್ಲಿ ಬೇಟೆಗೆ ಅವಕಾಶ ಇದೆ. ಬಿಲ್ಲುಬಾಣದ ಜಿಂಕೆ ಬೇಟೆ ಸೆಪ್ಟೆಂಬರ್ ಕೊನೆಗೇ ಶುರುವಾಗಿರುತ್ತದೆ. ಕಂದು ಬೀಗಲ್, ಕರಿ ಲ್ಯಾಬ್ ಪೊದೆಯ ನಡುವೆ ಏನಾಗಿ ಬೇಕಾದರೂ ಕಾಣಬಹುದು.

"ಹೇಗಿತ್ತು?"

"ನೀನೇ ನೋಡಿ ಬಾ."

ಅವನು ಹೋದ. ನಾನು ನಾಯಿಗಳ ಜೊತೆ ಫಾರೆಸ್ಟಿನ ದಾರಿ ಹಿಡಿದೆ. ಇಲ್ಲಿ ಜನವೇ ಇಲ್ಲ. ಬಂಡೆ ಹತ್ತುವ ಹುಡುಗರ ಒಂದು ಗುಂಪು ಬಿಟ್ಟರೆ ಕಾಡೆಲ್ಲ ನಮ್ಮದು. ನಾಯಿ ಇರುವವರು ಪ್ರಿಸರ್ವ್ ಬಾಗಿಲಲ್ಲಿ ನಿಂತು ಗೊಣಗುವ ಬದಲು ಪಕ್ಕದ ಫಾರೆಸ್ಟಿಗೆ ಯಾಕೆ ಬರುವುದಿಲ್ಲವೋ ಕಾಣೆ.

ತಮ್ಮ ಬಂದ ಮೇಲೆ ಕಾರಿನ ಡಿಕ್ಕಿ ತೆರೆದು ಕುಳಿತು ಊಟ ಮಾಡುತ್ತ ವಾದ ಮುಂದುವರೆಯಿತು.

"ಒಪ್ತೀನಿ, ಚೆನ್ನಾಗಿದೆ. ಆದರೆ ಹಗ್ಗ ಹಾಕಿ, ಕಕ್ಕ ಎತ್ತಿಕೊಂಡು ಹೋದರೆ ಏನು ನಷ್ಟ? ಹಗ್ಗ ಬಿಡೋರಿಗೆ ದಂಡ ಹಾಕಲಿ."

ನಾನು ಓದಿಕೊಂಡೇ ಬಂದಿದ್ದೆ. ಆಸ್ಟ್ರೇಲಿಯಾದ ಸಿಡ್ನಿ ಹತ್ತಿರದ ಕಾಡುಗಳಲ್ಲಿ ಇದನ್ನೇ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದ್ದಾರೆ. ಹಗ್ಗ ಹಾಕಿದ ನಾಯಿಯನ್ನು ದಾರಿಯಲ್ಲಿ ನಡೆಸಿಕೊಂಡು ಹೋದರೂ ಅಲ್ಲಿ ಕಾಣುವ ಹಕ್ಕಿಗಳ ಸಂಖ್ಯೆ 41 ಶೇಕಡಾ ಇಳಿಯಿತು, ಜಾತಿಗಳು 35 ಶೇಕಡಾ. ಬರೀ ಮನುಷ್ಯರು ನಡೆದಾಗ ಅದರ ಅರ್ಧದಷ್ಟೂ ಇಳಿಯಲಿಲ್ಲ. ದಿನವೂ ನಾಯಿಗಳು ಓಡಾಡುವ ಜಾಗದಲ್ಲೂ ಹಕ್ಕಿಗಳಿಗೆ ಅಭ್ಯಾಸ ಆಗಿರಲಿಲ್ಲ. ನೆಲದ ಹತ್ತಿರ ಇರುವ ಹಕ್ಕಿಗಳಿಗೇ ಹೆಚ್ಚು ತೊಂದರೆ.

"ಅದು ಆಸ್ಟ್ರೇಲಿಯಾ," ಎಂದ.

"ಬೆಲ್ಜಿಯಂದೂ ಇದೆ. ಗೆಂಟ್ ಊರಿನ ಪಕ್ಕದ ಕಾಡುಗಳಲ್ಲಿ ಬರುವ ನಾಯಿಗಳನ್ನು ಎಣಿಸಿ ಲೆಕ್ಕ ಹಾಕಿದ್ದಾರೆ. 2022ರದ್ದು. ವರ್ಷಕ್ಕೆ ಹೆಕ್ಟೇರಿಗೆ 11 ಕಿಲೋ ಸಾರಜನಕ, 5 ಕಿಲೋ ರಂಜಕ, ಎಲ್ಲಾ ನಾಯಿಗಳ ಗೊಬ್ಬರ."

"ಗೊಬ್ಬರ ಒಳ್ಳೆಯದೇ ಅಲ್ವಾ?"

"ಹೊಲಕ್ಕೆ ಒಳ್ಳೆಯದು. ಬಡ ಮಣ್ಣಿಗೇ ಒಗ್ಗಿದ ಕಾಡುಗಿಡಕ್ಕೆ ಅಲ್ಲ. ಗೊಬ್ಬರ ಬಿದ್ದರೆ ತುರಿಕೆಗಿಡದಂಥವು ನುಗ್ಗಿ ಉಳಿದದ್ದನ್ನು ಮುಚ್ಚಿಬಿಡ್ತವೆ. ಕಕ್ಕ ಎತ್ತಬಹುದು. ಉಚ್ಚೆ ಹೇಗೆ ಎತ್ತುತೀಯ?"

ಸ್ವಲ್ಪ ಹೊತ್ತು ಚಪಾತಿ ಅಗಿದ. ಆಮೇಲೆ, "ಹಾಗಾದ್ರೆ ಪಾರ್ಕಿಗೂ ಬಿಡಬಾರದಲ್ವಾ?" ಎಂದ.

ಅದಕ್ಕೆ ನನ್ನ ಉತ್ತರ ಇಷ್ಟೆ. ಪಾರ್ಕು ಜನರಿಗಾಗಿ ಇಟ್ಟ ಜಾಗ. ಪ್ರಿಸರ್ವ್ ಅಲ್ಲಿ ಬೆಳೆಯುವ ಗಿಡಮರಗಳಿಗಾಗಿ ಇಟ್ಟ ಜಾಗ, ಜನರನ್ನು ಒಳಗೆ ಬಿಡುವುದೇ ಒಂದು ರಿಯಾಯಿತಿ. ಆ ರಿಯಾಯಿತಿ ನಾಯಿಯ ತನಕ ಬರಬೇಕು ಅಂತ ಕೇಳುವುದು ನ್ಯಾಯ ಅನಿಸುವುದಿಲ್ಲ ನನಗೆ. ಅವನಿಗೆ ಒಪ್ಪಿಗೆಯಾಗಲಿಲ್ಲ. ಪುಟ್ಟಿ ಅಷ್ಟರಲ್ಲಿ ಅವನ ಚಪಾತಿಯ ಕೊನೆಯ ತುಂಡನ್ನು ಕಬಳಿಸಿದ್ದಳು.

ಸೋಮವಾರ

ಕೊನೆಯ ದಿನ ದಕ್ಷಿಣಕ್ಕೆ ಇಳಿದು ಜಲೆಸ್ಕಿ ಸ್ಟೇಟ್ ಫಾರೆಸ್ಟಿಗೆ ಹೋದೆವು. ಹಾಕಿಂಗ್ ಹಿಲ್ಸ್‌ನ ಜನಜಂಗುಳಿ ನೋಡಿದವರಿಗೆ ಇದು ಬೇರೆ ಲೋಕ. ಮೊಬೈಲ್ ಸಿಗ್ನಲ್ ಹೋಯಿತು. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದು ಒಳ್ಳೆಯದಾಯಿತು.

ದಾರಿಯಲ್ಲಿ ಹೋಪ್ ಫರ್ನೆಸ್ ಸಿಗುತ್ತದೆ. 1854ರಿಂದ ಸುಮಾರು ಇಪ್ಪತ್ತು ವರ್ಷ ಕಬ್ಬಿಣ ಕರಗಿಸಿದ ಕಲ್ಲಿನ ಕುಲುಮೆ, ಈಗ ಚಿಮಣಿ ಮಾತ್ರ ನಿಂತಿದೆ. ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಮರ ಬೇಕು. ಸುತ್ತಲಿನ ಗುಡ್ಡಗಳನ್ನೆಲ್ಲ ಬೋಳಿಸಿಬಿಟ್ಟರು. ಅಂದರೆ ನಾವು ಕಾಡು ಕಾಡು ಅಂತ ಬೆರಗಿನಿಂದ ನೋಡುತ್ತಿದ್ದದ್ದು ಹೆಚ್ಚಿನದೆಲ್ಲ ಆಮೇಲೆ ಮತ್ತೆ ಹುಟ್ಟಿದ್ದು. ಇಷ್ಟು ಮರಳಿ ಬರುತ್ತದೆ ಅಂದರೆ ನಂಬುವುದು ಕಷ್ಟ.

ಮೂನ್‌ವಿಲ್ ಅನ್ನುವ ಗಣಿ ಊರೂ ಇಲ್ಲೇ ಇತ್ತು. ಈಗ ಊರಿಲ್ಲ, ಸ್ಮಶಾನವಿದೆ, ಇಟ್ಟಿಗೆಯ ರೈಲು ಸುರಂಗವಿದೆ. ಹಳಿ ಕಿತ್ತು ಕಾಲುದಾರಿ ಮಾಡಿದ್ದಾರೆ. ಮಟ್ಟಸ ನೆಲ, ಅಗಲ ದಾರಿ, ಮೂರು ದಿನ ಏರಿಳಿದ ನಾಯಿಗಳ ಕಾಲಿಗೆ ಹಿತ. ಸುರಂಗದಲ್ಲಿ ರೈಲಿಗೆ ಸಿಕ್ಕಿ ಸತ್ತ ನೌಕರನ ದೆವ್ವ ಲಾಟೀನು ಹಿಡಿದು ಓಡಾಡುತ್ತದೆ ಅಂತ ಕತೆ. ಪುಟ್ಟಿ ಸುರಂಗದ ನಡುವೆ ಹೋಗಿ ಕತ್ತೆತ್ತಿ ಒಮ್ಮೆ ಊಳಿಟ್ಟಳು. ಬೀಗಲ್ ಊಳು ಗೊತ್ತಲ್ಲ? ಅದು ಇಟ್ಟಿಗೆಗೆ ಬಡಿದು ನಾಲ್ಕು ಬೀಗಲ್‌ಗಳಾಗಿ ವಾಪಸ್ಸು ಬಂತು. ಅವಳಿಗೆ ಖುಷಿಯೋ ಖುಷಿ. ಮತ್ತೆ ಊಳಿಟ್ಟಳು. ಭೀಮ ತಮ್ಮನ ಕಾಲುಗಳ ನಡುವೆ ತಲೆ ತೂರಿಸಿದ.

ಜಲೆಸ್ಕಿಯಲ್ಲಿ ಟಿಂಬರ್ ರ್‍ಯಾಟಲ್‌ಸ್ನೇಕ್ ಇದೆ, ಒಹಾಯೊದಲ್ಲಿ ಅಳಿವಿನಂಚಿನ ವಿಷದ ಹಾವು. ಅಕ್ಟೋಬರ್ ಕೊನೆಗೆ ಅವು ಬಹುಮಟ್ಟಿಗೆ ಬಂಡೆಯ ಬಿರುಕು ಸೇರಿರುತ್ತವೆ. ಆದರೂ ಬಿಸಿಲು ಬಿದ್ದ ಕಲ್ಲುರಾಶಿಗಳ ಹತ್ತಿರ ಹಗ್ಗವನ್ನು ಮೋಟು ಮಾಡಿ ಹಿಡಿದೆವು. ನಾಯಿಗೆ ಕಚ್ಚುವುದು ಸಾಮಾನ್ಯವಾಗಿ ಮೂಗಿಗೋ ಮುಂಗಾಲಿಗೋ. ಮೂಗು ಮುಂದೆ ಇಟ್ಟುಕೊಂಡು ಬದುಕುವವರ ಕಷ್ಟ ಅದು.

ಮಧ್ಯಾಹ್ನದ ಹೊತ್ತಿಗೆ ಎಲೆಬಣ್ಣದ ಬಟ್ಟೆ ತೊಟ್ಟ, ಹೆಗಲಿಗೆ ಕ್ರಾಸ್‌ಬೋ ಹಾಕಿಕೊಂಡ ಒಬ್ಬ ಹಿರಿಯರು ಎದುರಾದರು. ನಮ್ಮ ಕಿತ್ತಳೆ ಜಾಕೆಟ್ ನೋಡಿ, ಹೀಗೆ ಹಾಕಿಸುವುದು ಒಳ್ಳೆಯದು ಎಂದರು. ಪುಟ್ಟಿಯ ಮುಂದೆ ಮಂಡಿಯೂರಿ ಕುಳಿತು ಕಿವಿ, ಎದೆ, ಕಾಲು ಎಲ್ಲ ಪರೀಕ್ಷಿಸಿದರು. ಮೊಲದ ಬೇಟೆ ಇನ್ನೇನು ನವೆಂಬರ್ ಮೊದಲಲ್ಲಿ ಶುರು, ಇವಳು ಎಷ್ಟು ಮೊಲ ಹಿಡಿದಿದ್ದಾಳೆ ಅಂತ ಕೇಳಿದರು. ಇವಳಿಗೆ ಕಸ ಎಳೆಯುವ ವ್ಯಾಕ್ಯೂಮ್ ಮಷೀನ್ ಕಂಡರೆ ಮಂಚದ ಕೆಳಗೆ ಓಡುವ ಅಭ್ಯಾಸ ಎಂದೆ. ಅವರಿಗೆ ನಿಜಕ್ಕೂ ಬೇಸರವಾಯಿತು. ಇಂಥ ಮೂಗನ್ನು ಹಾಳು ಮಾಡಿದಿರಿ ಅನ್ನುವ ಹಾಗೆ ತಲೆಯಾಡಿಸಿ ಹೋದರು.

ಕಾರಿನ ಹತ್ತಿರ ಬಂದು ಉಣ್ಣಿ ಹುಡುಕುವ ಕೆಲಸ. ಚಳಿ ಬಂದರೆ ಉಣ್ಣಿ ಇರುವುದಿಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಲೈಮ್ ಕಾಯಿಲೆ ಹರಡುವ ಕರಿಗಾಲಿನ ಉಣ್ಣಿಯ ದೊಡ್ಡವು ಚುರುಕಾಗುವುದೇ ಅಕ್ಟೋಬರ್, ನವೆಂಬರ್‌ನಲ್ಲಿ. ಕಿವಿಯ ಒಳಗೆ, ಕಂಕುಳಲ್ಲಿ, ಬೆರಳುಗಳ ನಡುವೆ, ಬಾಲದ ಬುಡ, ಹಾರ್ನೆಸ್ ಕೂರುವ ಜಾಗ. ಬೆರಳ ತುದಿಯಿಂದ ಅಕ್ಕಿ ಆರಿಸುವಷ್ಟು ನಿಧಾನವಾಗಿ ಸವರಿದೆವು. ಭೀಮನ ಮೈಯಲ್ಲಿ ಮುಳ್ಳುಕಾಯಿ ಒಂದು ಬೊಗಸೆ ಸಿಕ್ಕಿತು, ಉಣ್ಣಿ ಇಲ್ಲ. ಪುಟ್ಟಿಯಲ್ಲೂ ಇಲ್ಲ. ತಿಂಗಳ ಮಾತ್ರೆ ಕೊಟ್ಟದ್ದು ಸಾರ್ಥಕ ಅಂದುಕೊಳ್ಳುವಷ್ಟರಲ್ಲಿ ತಮ್ಮ ಕಾಲುಚೀಲ ಇಳಿಸಿದ.

"ಅಕ್ಕ, ಇದು ಮಚ್ಚೆನಾ?"

ಮಚ್ಚೆಗೆ ಕಾಲಿರುವುದಿಲ್ಲ. ಸಣ್ಣ ಚಿಮುಟ ತೆಗೆದು, ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ ನೇರ ಎಳೆದೆ. ಪೂರ್ತಿ ಬಂತು. ಬೆಳಿಗ್ಗೆ ಸ್ನಾನ ಮಾಡುವಾಗ ಇರಲಿಲ್ಲ ಎಂದ. ಹಾಗಿದ್ದರೆ ಭಯವಿಲ್ಲ, ಕಾಯಿಲೆ ದಾಟಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಜಾಸ್ತಿ ಕಚ್ಚಿಕೊಂಡಿರಬೇಕು. ಸೋಪು ಹಾಕಿ ತೊಳೆಸಿ, ಉಣ್ಣಿಯನ್ನು ಪಾರದರ್ಶಕ ಟೇಪಿಗೆ ಅಂಟಿಸಿ ತಾರೀಖು ಬರೆದೆ. ಮುಂದಿನ ವಾರಗಳಲ್ಲಿ ಜ್ವರ ಬಂದರೆ, ಚರ್ಮ ಕೆಂಪಾಗಿ ಹರಡಿದರೆ ವೈದ್ಯರಿಗೆ ತೋರಿಸಲು ಬೇಕಾಗುತ್ತದೆ.

"ನಾಯಿಗಳಿಗೆ ತಿಂಗಳ ಮಾತ್ರೆ, ಲಸಿಕೆ, ಜಾಕೆಟ್," ಅಂತ ಗೊಣಗುತ್ತ ಸ್ಟಿಯರಿಂಗ್ ಹಿಡಿದ. "ನಂಗೆ ಟೇಪು."

ಲ್ಯಾಂಕಾಸ್ಟರ್ ದಾಟಿ ನೆಲ ಮತ್ತೆ ಚಪ್ಪಟೆಯಾಗುವ ತನಕ ಸುಮ್ಮನಿದ್ದ. ಆಮೇಲೆ, ವಸಂತದಲ್ಲಿ ಟ್ರಿಲಿಯಂ ಹೂವು ಅರಳಿದಾಗ ಕಾಂಕಲ್ಸ್ ಹಾಲೋಗೆ ಇನ್ನೊಮ್ಮೆ ಹೋಗಬೇಕು ಎಂದ. ನಾಯಿಗಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದೆ. ನೀನೇ ಅಂದ.